ಜವಳದ ನೂಲು

ಹೊನ್ನೂರಬಿ ಕೂತದ್ದನ್ನು ನಾನು ನೋಡಿದ್ದು ಎರಡೇ ಸಲ. ಹನ್ನೊಂದು ವರ್ಷ ಅಕ್ಕಪಕ್ಕ ಇದ್ದೆವು. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಲೇಸು, ಗುಂಡಿ, ದಾರದ ಅಂಗಡಿ. ಅದಕ್ಕೆ ಅಂಟಿಕೊಂಡೇ ಅವಳ ಮೈದುನ ದಸ್ತಗಿರಿಯ ಗಾದಿ ಅಂಗಡಿ. ಇಷ್ಟು ವರ್ಷಗಳಲ್ಲಿ ಅವಳು ಚಹಾ ಕುಡಿದದ್ದು ನಿಂತು, ಜಗಳ ಆಡಿದ್ದು ಓಡಾಡುತ್ತ, ಗಂಡ ತೀರಿಕೊಂಡಾಗ ಅತ್ತದ್ದೂ ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುತ್ತಲೇ. "ಕುಂದ್ರಕ್ಕ" ಎಂದು ನಾನು ಸ್ಟೂಲು ಮುಂದೆ ಮಾಡಿದರೆ ಅದರ ಮೇಲೆ ಉಣ್ಣೆಯ ಚೀಲ ಇಟ್ಟು, "ಇದು ಕುಂದರ್ಲಿ, ನಂಗ ಕೆಲಸ ಐತಿ" ಅನ್ನುತ್ತಿದ್ದಳು.

ಕೆಲಸವೆಂದರೆ ನೂಲುವುದು. ಎಡಗೈಯಲ್ಲಿ ಕುರಿಯ ಉಣ್ಣೆ, ಬಲಗೈಯ ಕೆಳಗೆ ಗಿರಗಿರ ತಿರುಗುವ ತಕಲಿ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಅಂಗಡಿಯಿಂದ ರೈಲ್ವೆ ಗೇಟಿನವರೆಗೆ ಹೋಗುವಷ್ಟರಲ್ಲಿ ತಕಲಿ ಅರ್ಧ ತುಂಬುತ್ತಿತ್ತು, ಬರುವಷ್ಟರಲ್ಲಿ ಪೂರಾ. ದಾರಿಯಲ್ಲಿ ಯಾರಾದರೂ ಮಾತಿಗೆ ನಿಲ್ಲಿಸಿದರೆ ಮಾತಾಡುತ್ತ ಅವರ ಸುತ್ತಲೇ ಪ್ರದಕ್ಷಿಣೆ ಹಾಕುತ್ತಿದ್ದಳು. ಅವಳ ಜೊತೆ ಹರಟೆ ಹೊಡೆದು ಬಂದವರನ್ನು ಕತ್ತು ಉಜ್ಜಿಕೊಳ್ಳುವುದರಿಂದಲೇ ಗುರುತು ಹಿಡಿಯಬಹುದಿತ್ತು.

ಆ ನೂಲನ್ನು ನೂಲು ಅನ್ನಲು ನನಗೆ ಬಹಳ ದಿನ ಮನಸ್ಸಾಗಲಿಲ್ಲ. ನಾನು ದಾರ ಮಾರುವವಳು. ದಾರ ಅಂದರೆ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಗಿರಾಕಿ ವಾಪಸ್ಸು ತಂದು ಮುಖದ ಮೇಲೆ ಎಸೆಯುತ್ತಾರೆ. ಅವಳದ್ದು ಒಂದು ಕಡೆ ಬೆರಳಿನಷ್ಟು ದಪ್ಪ, ಮೊಳ ದಾಟಿದರೆ ಕಣ್ಣಿಗೆ ಕಾಣದಷ್ಟು ಸಣ್ಣ, ನಡುನಡುವೆ ಗುಂಗುರು ಕುಚ್ಚುಗಳು ನೇತಾಡುತ್ತಿರುತ್ತಿದ್ದವು. ಉಣ್ಣೆಯನ್ನು ಅವಳು ಹಿಂಜುತ್ತಿರಲಿಲ್ಲ. ಕುರಿಯ ಮೈಯಿಂದ ಕುಚ್ಚು ಕುಚ್ಚಾಗಿ ಹೇಗೆ ಬಂತೋ ಹಾಗೇ ತೆಗೆದುಕೊಂಡು, ಕಸಮುಳ್ಳನ್ನು ಬೆರಳಲ್ಲೇ ಆರಿಸಿ, ಕುಚ್ಚಿನ ಬುಡವನ್ನಷ್ಟೇ ತೆಳ್ಳನೆಯ ಕರಿ ಎಳೆಯ ಹುರಿಯೊಳಗೆ ಸಿಗಿಸುತ್ತಿದ್ದಳು. ತುದಿಯನ್ನು ಹೊರಗೆ ಬಿಟ್ಟುಬಿಡುತ್ತಿದ್ದಳು. ಆಮೇಲೆ ಅದರ ಮೇಲೆ ಇನ್ನೊಂದು ಎಳೆ ಸುತ್ತಿ ಬಿಗಿ ಮಾಡಿದರೆ ಎಳೆದರೂ ಕುಚ್ಚು ಕಿತ್ತು ಬರುತ್ತಿರಲಿಲ್ಲ. ಕುರಿಯ ಜಿಡ್ಡು, ಕುರಿಯ ವಾಸನೆ ಎಲ್ಲ ಅದರಲ್ಲೇ ಇರುತ್ತಿದ್ದವು.

ತಮಾಷೆ ಏನೆಂದರೆ, ಹೊನ್ನೂರಬಿ ಪಿಂಜಾರರ ಮನೆಯವಳು. ತವರಿನಲ್ಲೂ ಗಂಡನ ಮನೆಯಲ್ಲೂ ಹಿಂಜುವುದೇ ಕಸುಬು. ಅವಳ ಮಾವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಲೆದು ಊರವರ ಹತ್ತಿ ಹಿಂಜಿದವರು. ದಸ್ತಗಿರಿಯ ಕಾಲಕ್ಕೆ ಕರೆಂಟಿನ ಮಿಷಿನ್ ಬಂತು. ಅದು ಶುರುವಾದರೆ ನನ್ನ ಅಂಗಡಿಯ ಗುಂಡಿ ಡಬ್ಬಿಗಳೆಲ್ಲ ಗಡಗಡ ಅನ್ನುತ್ತಿದ್ದವು. ಆ ಮಿಷಿನ್ನಿನ ಪಕ್ಕದಲ್ಲೇ ಇವಳು ಹಿಂಜದ ಉಣ್ಣೆ ಹಿಡಿದು ಶತಪಥ ತಿರುಗುತ್ತಿದ್ದಳು. ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

"ನಿಮ್ಮ ಮನಿಯಾಗ ಮಿಷಿನ್ ಇಟ್ಕೊಂಡು ಹಿಂಗ ಯಾಕ ನೂಲ್ತಿ ಅಕ್ಕ?" ಎಂದು ಕೇಳಿದರೆ, "ಅಜ್ಜ ಮುತ್ತಜ್ಜನ ಕಾಲದಿಂದ ಹಿಂಜಿ ಹಿಂಜಿ ನಮ್ಮ ಮಂದಿ ದಣದಾರ. ಒಬ್ಬಾಕಿ ಬಿಟ್ರ ಏನಾತು?" ಅನ್ನುತ್ತಿದ್ದಳು. ಮನಸ್ಸು ಚೆನ್ನಾಗಿದ್ದ ದಿನ ಇನ್ನೊಂದು ಮಾತು ಬರುತ್ತಿತ್ತು. "ಹಿಂಜಿದ ಮ್ಯಾಲೆ ಎಲ್ಲಾ ಕುರಿನೂ ಒಂದ ಆಗ್ತಾವ ಗಿರಿಜವ್ವ. ಹಿಂಜಲಿಲ್ಲಂದ್ರ ಇದು ಯಾವ ಕುರಿ, ಯಾವ ಬೇಲಿಯಾಗ ಹೊಕ್ಕಿತ್ತು, ಎಲ್ಲಾ ಈ ನೂಲಿನಾಗ ಇರತೈತಿ." ನಾನು ಹೂಂ ಅನ್ನುತ್ತಿದ್ದೆ. ಅರ್ಥವಾಗಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಮೈದುನನ ಮಿಷಿನ್ನಿನ ಹಂಗು ಬೇಡವೆಂಬ ಸ್ವಾಭಿಮಾನ ಇದು ಎಂದು ನಾನು ತಿಳಿದಿದ್ದೆ.

ಹಂಪಿ ನೋಡಲು ಬಂದ ಒಬ್ಬ ಕಾಲೇಜು ಹುಡುಗಿ ಹೇಗೋ ನಮ್ಮ ಓಣಿಗೆ ಬಂದು ಈ ನೂಲು ನೋಡಿ ಹುಚ್ಚಳಾದಳು. ಮೊಬೈಲಿನಲ್ಲಿ ಫೋಟೊ ತೆಗೆಯಲು ಹೊನ್ನೂರಬಿಯ ಹಿಂದೆ ಹಿಂದೆಯೇ ಓಡಿದಳು. ಗೋಡೆಗೆ ತೂಗುಹಾಕುತ್ತಾರಂತೆ, ಕೊರಳಿಗೆ ಸುತ್ತಿಕೊಳ್ಳುತ್ತಾರಂತೆ. ಇನ್ನೂ ಹತ್ತು ಲಡಿ ಬೇಕು, ಆದರೆ ಎಲ್ಲ ಇದೇ ಥರ ಇರಬೇಕು ಎಂದಳು. ಹೊನ್ನೂರಬಿ ನನ್ನ ಅಂಗಡಿಯತ್ತ ಗದ್ದ ತೋರಿಸಿ, "ಒಂದ ಥರದ್ದು ಬೇಕಂದ್ರ ಅಲ್ಲಿ ಐತಿ ನೋಡವ್ವ, ರೀಲಿನ ಮ್ಯಾಲೆ ರೀಲು" ಅಂದಳು. ಹುಡುಗಿ ಇದ್ದ ಒಂದೇ ಲಡಿಯನ್ನು ಅಪ್ಪಿಕೊಂಡು ಬಸ್ಸು ಹತ್ತಿದಳು. ನನಗೆ ಒಳಗೊಳಗೇ ಉರಿಯಿತು. ಹಾಗೆ ಅಪ್ಪಿಕೊಂಡು ಹೋಗುವಂಥದ್ದು ನನ್ನ ಅಂಗಡಿಯಲ್ಲಿ ಏನೂ ಇರಲಿಲ್ಲ.

ಅವಳಿಗೆ ಉಣ್ಣೆ ತಂದುಕೊಡುತ್ತಿದ್ದವನು ಕೋಗಳಿಯ ಕುರಿಗಾಹಿ ಬೀರಜ್ಜ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಎರಡೂ ಮೊಣಕಾಲು ಹೋಗಿದ್ದವು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದವನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಿಂಡು ಮಾರುತ್ತಿದ್ದೇನೆ ಎಂದ. ನಡೆಯಲು ಆಗುತ್ತಿರಲಿಲ್ಲ, ಬೇರೆ ದಾರಿಯಿರಲಿಲ್ಲ. ಅವನ ಸಂಕಟ ಬೇರೆಯದೇ ಇತ್ತು. ಹುಡುಗನಾಗಿದ್ದಾಗಿನಿಂದ ಪ್ರತಿ ಸಂಜೆ ಹಟ್ಟಿಯ ಬಾಗಿಲಲ್ಲಿ ಕೂತು, ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನ ಮೇಲೂ ಕೈ ಇಟ್ಟು ಎಣಿಸಿದವನು. ಕಣ್ಣಿಗಿಂತ ಕೈಯನ್ನೇ ನಂಬಿದವನು.

"ಕುರಿ ಹೋದಮ್ಯಾಲೆ ಸಂಜಿ ಆತಂದ್ರ ಈ ಕೈ ಏನ್ ಮಾಡಬೇಕು ತಂಗಿ?" ಎಂದ. ಅಗಲವಾದ ಆ ಅಂಗೈಯನ್ನು ನಮ್ಮಿಬ್ಬರ ಮುಂದೆ ಹಿಡಿದ. "ಇದು ಸುಮ್ಮಕ ಇರಂಗಿಲ್ಲ. ಈ ಸಲದ ಮರಿ ಇಪ್ಪತ್ತೇಳು ಅದಾವು. ಅವುಗಳ ಜವಳ ತಗದು ಕೊಡ್ತೀನಿ. ಹಟ್ಟಿಯಾಗ ಹೋಗಾಕ ಹೆಂಗ ಸಾಲು ಹಿಡೀತಾವ, ಹಂಗ ಒಂದರ ಹಿಂದ ಒಂದು ಬರೂ ಹಂಗ ಒಂದ ನೂಲು ಮಾಡಿಕೊಡು. ಸಂಜಿಗೆ ಅದನ್ನ ಹಿಡಕೊಂಡು ಎಣಸ್ಕೋತ ಕುಂದರ್ತೀನಿ."

ಮಗುವಿನ ಹುಟ್ಟುಗೂದಲಿನಂತೆ ಕುರಿಮರಿಯ ಮೊದಲ ಉಣ್ಣೆಗೂ ಕುರಿಗಾಹಿಗಳು ಜವಳ ಎಂದೇ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಉಣ್ಣೆಯ ತುದಿ ಉಂಗುರದ ಹಾಗೆ ಸುತ್ತಿಕೊಂಡಿರುತ್ತದೆ. ಒಮ್ಮೆ ಕತ್ತರಿಸಿದರೆ ಮುಗಿಯಿತು, ಆಮೇಲೆ ಬೆಳೆಯುವ ಉಣ್ಣೆಗೆ ಆ ಸುತ್ತು ಬರುವುದಿಲ್ಲ. ಒಂದೊಂದು ಮರಿಯದು ಒಂದೊಂದು ಥರ.

ಹೊನ್ನೂರಬಿಯ ತಕಲಿ ಆ ಹೊತ್ತು ನಿಂತಿತ್ತು. "ಒಂದೂ ಬಿಡಂಗಿಲ್ಲ ಅಜ್ಜ. ನಿನ್ನ ಕೈಗೆ ಗುರ್ತು ಸಿಗೂ ಹಂಗ ಮಾಡ್ತೀನಿ" ಎಂದಳು.

ಹದಿನೈದು ದಿನಕ್ಕೆ ಉಣ್ಣೆ ಬಂತು. ಅವಳು ನನ್ನ ಅಂಗಡಿಯಿಂದ ಇಪ್ಪತ್ತೇಳು ಬಣ್ಣದ ದಾರ ಆರಿಸಿ, ಯಾವುದು ಯಾವ ಮರಿಯದು, ಸಾಲಿನಲ್ಲಿ ಎಷ್ಟನೆಯದು ಎಂದು ಅಜ್ಜನನ್ನು ಕೇಳಿ ಕೇಳಿ, ಒಂದೊಂದು ಮರಿಯದನ್ನು ಒಂದೊಂದು ಬಣ್ಣದಿಂದ ಗಂಟು ಕಟ್ಟಿ, ಚೀಲಕ್ಕೆ ತುಂಬಿ ನನ್ನ ಅಟ್ಟದ ಮೇಲೆ ಇಟ್ಟಳು. ಅವಳ ಮನೆಯಲ್ಲಿ ಇಲಿಗಳ ಕಾಟ. ನೂಲಲು ಕೂರುವ ಮೊದಲೇ, ಕೂರುವ ಎಂದರೆ ನಡೆಯುವ ಮೊದಲೇ, ಹಡಗಲಿಯಿಂದ ಮಗಳ ಹೆರಿಗೆ ನೋವಿನ ಫೋನು ಬಂದು ಓಡಿದಳು.

ಅವಳು ಹೋದ ಮರುದಿನದಿಂದ ಜಿಟಿಜಿಟಿ ಮಳೆ ಹಿಡಿಯಿತು. ಅಟ್ಟದ ಮೇಲಿನ ಜಿಡ್ಡು ಉಣ್ಣೆ ಥಂಡಿಗೆ ನಾರತೊಡಗಿತು. ಬಂದ ಹೆಂಗಸರು ಸೆರಗು ಮೂಗಿಗೆ ಹಿಡಿದು ಬ್ಲೌಸಿನ ಲೇಸು ಆರಿಸುತ್ತಿದ್ದರು. ನಾಲ್ಕು ದಿನ ತಡೆದೆ. ಐದನೆಯ ದಿನ ಬಿಸಿಲು ಬಿತ್ತು, ನನಗೆ ಉಪಕಾರ ಮಾಡುವ ಬುದ್ಧಿಯೂ ಬಂತು. ಪಾಪ, ಅಷ್ಟು ಉಣ್ಣೆಯ ಕಸ ಬೆರಳಲ್ಲಿ ಆರಿಸಿ ಅವಳು ಯಾವಾಗ ನೂಲುವುದು? ತೊಳೆದು ಹಿಂಜಿಸಿ ಇಟ್ಟರೆ ಬಂದವಳು ಎರಡೇ ದಿನದಲ್ಲಿ ಮುಗಿಸುತ್ತಾಳೆ, ಅಜ್ಜನಿಗೂ ಬೇಗ ಸಿಗುತ್ತದೆ. ಗಂಟುಗಳನ್ನೆಲ್ಲ ಬಿಚ್ಚಿದೆ. ಬಿಚ್ಚಿದ ದಾರಗಳನ್ನು ಹಾಳು ಮಾಡಬಾರದೆಂದು ಬಣ್ಣ ಬಣ್ಣ ಬೇರೆ ಮಾಡಿ ಚಂದವಾಗಿ ರೀಲುಗಳಿಗೆ ಸುತ್ತಿದೆ. ಉಣ್ಣೆಯನ್ನೆಲ್ಲ ಒಂದೇ ಟಬ್ಬಿನಲ್ಲಿ ಹಾಕಿ ಬಿಸಿನೀರು, ಸೋಪಿನ ಪುಡಿ ಸುರಿದು ತಿಕ್ಕಿದೆ. ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿ ದಸ್ತಗಿರಿಯ ಹತ್ತಿರ ಒಯ್ದೆ.

ಅವನು ಮಿಷಿನ್ನಿನ ಗುಂಡಿ ಒತ್ತುವ ಮೊದಲು, "ಅತ್ತಿಗಿ ಹೇಳ್ಯಾರೇನ್ರಿ ಅಕ್ಕಾರ?" ಎಂದು ಕೇಳಿದ.

"ಹೂಂ" ಅಂದೆ.

ಆ ಒಂದು ಹೂಂ ನನ್ನನ್ನು ಇವತ್ತಿಗೂ ನೆಟ್ಟಗೆ ಕೂರಲು ಬಿಡುವುದಿಲ್ಲ. ತಿಳಿಯದೆ ತಪ್ಪು ಮಾಡುವುದು ಬೇರೆ. ಅವನು ಕೇಳಿದ್ದ, ನಾನು ಸುಳ್ಳು ಹೇಳಿದ್ದೆ.

ಹೊನ್ನೂರಬಿ ಮೊಮ್ಮಗಳ ಸುದ್ದಿ ಹೊತ್ತು, ಎಲ್ಲರಿಗೂ ಸಕ್ಕರೆ ಹಂಚುತ್ತ ಬಂದಳು. ನಾನು ಸಂಭ್ರಮದಿಂದ ಮೂಟೆ ಇಳಿಸಿ ಬಾಯಿ ಬಿಚ್ಚಿದೆ. ಒಳಗೆ ಬೂದು ಬಣ್ಣದ ಉಣ್ಣೆ, ಹಗುರ, ಮೆತ್ತಗೆ, ಎಲ್ಲ ಒಂದೇ ಸಮ. ಅವಳು ಕೈ ಹಾಕಿದಳು. ಇನ್ನೂ ಒಳಗೆ, ಮೊಳಕೈಯವರೆಗೆ ಹಾಕಿ ತಡಕಿದಳು. ಆಮೇಲೆ ನನ್ನ ಅಂಗಡಿಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ನಾನು ನೋಡಿದ ಮೊದಲ ಸಲ ಅದು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ನನ್ನ ರೀಲುಗಳನ್ನು ನೋಡುತ್ತ, "ದಾರಾ ಸುದ್ದಾ ಸುತ್ತಿ ಇಟ್ಟೀ ಅಲ್ಲೇ" ಅಂದಳು, ಅಷ್ಟೇ. ಆಗ ನನಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಹಿಂಡು ಆಗಲೇ ಮಾರಿಹೋಗಿತ್ತು. ಇದ್ದಿದ್ದರೂ ಜವಳ ಎರಡನೇ ಸಲ ಬರುವುದಿಲ್ಲ.

ಬೀರಜ್ಜ ಸಂತೆಯ ದಿನ ಬಂದ. ನೂಲು ಎಲ್ಲಿಗೆ ಬಂತು ಎಂದು ಕೇಳಿದ. ನಾನು ಗುಂಡಿಯ ಡಬ್ಬಿಯೊಳಗೆ ಮುಖ ಹಾಕಿದೆ. ಹೊನ್ನೂರಬಿ ಅವನ ಮುಂದೆ ಎರಡು ಸುತ್ತು ತಿರುಗಿ, "ನನ್ನ ಕೈಲೆ ಕೆಟ್ಟು ಹೋತು ಅಜ್ಜ. ಅವಸರ ಮಾಡಿ ಹಿಂಜಿಬಿಟ್ಟೆ" ಎಂದಳು. ಅಜ್ಜ ಅವಳನ್ನು ನೋಡಿದ, ಆಮೇಲೆ ಅದೇಕೋ ನನ್ನನ್ನೂ ನೋಡಿದ. ನಾನು ಗುಂಡಿ ಕೆದಕುತ್ತಲೇ ಇದ್ದೆ. ಅವನ ಕೈ ಕಟ್ಟೆಯ ಮೇಲೆ ಸುಮ್ಮನೆ ಅತ್ತ ಇತ್ತ ಆಡುತ್ತಿತ್ತು.

"ಮರಿ ಯಾರ್ಯಾರಿಗೆ ಕೊಟ್ಟೀದಿ, ಅದನ್ನಷ್ಟ ಹೇಳು" ಎಂದು ಹೊನ್ನೂರಬಿ ಕೇಳಿದಳು. ಕತ್ತರಿ ಎಷ್ಟೇ ಚೆನ್ನಾಗಿ ಆಡಿದರೂ ಮರಿಯ ಕಿವಿಯ ಹಿಂದೆ, ಬಾಲದ ತುದಿಯಲ್ಲಿ ಒಂದಿಷ್ಟು ಜವಳ ಉಳಿದಿರುತ್ತದಂತೆ. ಅಷ್ಟು ಸಾಕು ಅವಳಿಗೆ.

ಮಾರನೆಯ ದಿನ ನಾನು ಅಂಗಡಿಗೆ ಬೀಗ ಹಾಕಿ, ದಾರ ಕತ್ತರಿಸುವ ಸಣ್ಣ ಕತ್ತರಿ, ಇಪ್ಪತ್ತೇಳು ರೀಲು ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆ ಹೊರಟೆ. ಬಾ ಎಂದು ಅವಳು ಕರೆದಿರಲಿಲ್ಲ, ಬೇಡ ಎನ್ನಲೂ ಇಲ್ಲ. ಮೂರು ವಾರ ನಾವಿಬ್ಬರೂ ಬಿಡುವಾದಾಗಲೆಲ್ಲ ಕುರಿಮರಿಗಳ ಹಿಂದೆ ಅಲೆದೆವು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ಕಂಬಿ ಹಿಡಿದು ನಿಂತೇ ಬರುತ್ತಿದ್ದಳು. ಅವಳು ನಿಂತಿರುವಾಗ ನನಗೂ ಕೂರಲು ಮುಖವಿರಲಿಲ್ಲ.

ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಐದು ಮರಿ ಒಟ್ಟಿಗೆ ಸಿಕ್ಕವು. ಕೊಟ್ಟೂರಿನಲ್ಲಿ ಮೂರು. ತೆಲಿಗಿಯಲ್ಲಿ ಎರಡು ಕೊಂಡಿದ್ದ ರೈತ ನಮ್ಮ ಕತ್ತರಿ ನೋಡಿ, "ಕುರಿಗೆ ಕಟಿಂಗ್ ಮಾಡಾಕ ಹೆಂಗಸರು ಬರಾಕತ್ತರೇನ್ರಿ ಈಗ!" ಎಂದು ಓಣಿಯನ್ನೆಲ್ಲ ಕರೆದ. ಹೊನ್ನೂರಬಿ ಅವನಿಗೆ ಉತ್ತರ ಕೊಡುವ ಗೋಜಿಗೆ ಹೋಗದೆ ಮರಿಯ ಕುತ್ತಿಗೆಯನ್ನು ತೋಳಲ್ಲಿ ಅವುಚಿ, ಕಿವಿ ಮಡಿಸಿ, "ಹಾಂ, ಇದು ಮೋಟಗಿವಿ ಮಗಳು. ನೋಡು, ಸುತ್ತು ಎಡಕ್ಕ ಐತಿ" ಎಂದು ನನಗೆ ತೋರಿಸಿದಳು. ನಾನು ಕತ್ತರಿಸಿದೆ, ಬಣ್ಣದ ದಾರದಿಂದ ಗಂಟು ಕಟ್ಟಿದೆ. ಈ ಸಲ ಯಾವ ಬಣ್ಣ ಯಾವ ಮರಿಯದು ಎಂದು ನನಗೆ ಬಾಯಿಪಾಠವಾಯಿತು. ಹಡಗಲಿಯಲ್ಲಿ ನಾಲ್ಕು ಮರಿ ಕೊಂಡವನು ನಮ್ಮನ್ನು ನೋಡಿ, "ಎರಡು ದಿನ ತಡ ಮಾಡಿದ್ರಿ ನೋಡ್ರವ್ವ, ಕಟುಕರಿಗೆ ಕೊಟ್ಟೆ" ಅಂದ. ಅವಳು ಅವನ ಅಂಗಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದಳು. ಖಾಲಿ ಗೂಟಕ್ಕೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಿದಳು. ಏನೂ ಇರಲಿಲ್ಲ.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅಜ್ಜಗ ನಾನ ಹೇಳಿಬಿಡ್ತೀನಿ. ತಪ್ಪು ನಂದು..." ಎಂದು ಶುರು ಮಾಡಿದೆ.

"ಬಸ್ ಬಂತು, ನಡಿ" ಎಂದಳು.

ಆಮೇಲೆ ಎರಡು ಸಲ ಅದೇ ಮಾತು ತೆಗೆದೆ. ಒಮ್ಮೆ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು, ಇನ್ನೊಮ್ಮೆ ಮಿಷಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದಳು. ನಾನೂ ಅಷ್ಟಕ್ಕೇ ಬಿಟ್ಟೆ. ನಿಜ ಹೇಳಬೇಕೆಂದರೆ, ಅವಳು ತಡೆದಾಗಲೆಲ್ಲ ನನಗೆ ಸಮಾಧಾನವೇ ಆಗುತ್ತಿತ್ತು.

ಒಟ್ಟು ಹದಿನಾರು ಮರಿಯ ಕುಚ್ಚು ಸಿಕ್ಕವು. ಉಳಿದ ಹನ್ನೊಂದರ ಜಾಗದಲ್ಲಿ ಏನು ಹಾಕುತ್ತಾಳೆ ಎಂದು ಕೇಳಿದರೆ ಹೇಳಲಿಲ್ಲ. ಎಂಟು ದಿನ ರೈಲ್ವೆ ಗೇಟಿಗೂ ಅಂಗಡಿಗೂ ತಿರುಗಿದಳು. ಆ ಎಂಟು ದಿನ ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರ ಕೊಡಲಿಲ್ಲ. ಒಂಬತ್ತನೆಯ ದಿನ, "ನಡಿ, ಕೋಗಳಿಗೆ" ಎಂದಳು.

ನಾವು ಹೋದಾಗ ಸಂಜೆ. ಬೀರಜ್ಜ ಖಾಲಿ ಹಟ್ಟಿಯ ಬಾಗಿಲಲ್ಲೇ ಕೂತಿದ್ದ. ಅವನ ಸೊಸೆ, "ದಿನಾ ಹಿಂಗ ಕುಂದರ್ತಾರ್ರಿ" ಎಂದು ಚಹಾ ಇಡಲು ಹೋದಳು. ಹೊನ್ನೂರಬಿ ನೂಲಿನ ಉಂಡೆಯನ್ನು ಅವನ ಮಡಿಲಲ್ಲಿ ಇಟ್ಟು, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅದು ಎರಡನೆಯ ಸಲ. ನಾನು ಬೇಲಿಗೆ ಒರಗಿ ನಿಂತಿದ್ದೆ.

ಅವನು ಕಣ್ಣು ಮುಚ್ಚಿ ಎಳೆಯನ್ನು ಬೆರಳ ನಡುವೆ ಬಿಟ್ಟ. ಮೊದಲ ಕುಚ್ಚು ಕೈಗೆ ಸಿಕ್ಕಿದ್ದೇ ಮುಖ ಬಿಚ್ಚಿಕೊಂಡಿತು. "ಕೆಂಚಿ ಮಗ. ಇವನ ಯಾವಾಗಲೂ ಮುಂದ." ಇನ್ನೊಂದು ಬಂತು. "ಬಿಳಿಹಣಿ." ಮತ್ತೊಂದು. "ಬಾ ಬಾ, ಮೋಟಗಿವಿ ಮಗಳ, ಕಾಲು ಹೆಂಗೈತಿ?" ಹಾಗೆ ಏಳು ಮರಿ ಎಣಿಸಿದ. ಎಂಟನೆಯದಕ್ಕೆ ಬೆರಳು ನಿಂತಿತು. ಅಲ್ಲಿ ಕುಚ್ಚಿರಲಿಲ್ಲ. ಗೇಣುದ್ದ ನೂಲು ನುಣ್ಣಗೆ, ಮೆತ್ತಗೆ, ಒಂದೇ ಸಮ. ನಾನು ತೊಳೆದು ಹಿಂಜಿಸಿದ ಉಣ್ಣೆ ಅದು.

"ಇಲ್ಲಿ ಯಾರು ತಂಗಿ?" ಎಂದ ಅಜ್ಜ.

"ಸಿಗಲಾರದ್ದರ ಜಾಗ ಅದು ಅಜ್ಜ. ಇಂಥಾವು ಹನ್ನೊಂದು ಅದಾವು. ಅಲ್ಲೆಲ್ಲಾ ನಾ ಕುಂತೀನಿ ಅನ್ಕ. ಕೆಡಿಸಿದಾಕಿ ನಾನ ಅಲ್ಲೇನು" ಎಂದಳು ಹೊನ್ನೂರಬಿ.

ಅಜ್ಜ ಆ ನುಣುಪಾದ ಜಾಗವನ್ನು ಒಂದಿಷ್ಟು ಹೊತ್ತು ಸವರಿದ. "ಹೊನ್ನೂರಬಿ" ಎಂದು ಎಣಿಸಿ ಮುಂದೆ ಹೋದ. ಹಾಗೆ ಹನ್ನೊಂದು ಸಲ ಅವಳ ಹೆಸರು ಹೇಳಿದ. ಅಷ್ಟೂ ಹೊತ್ತು ಅವಳು ಅಲುಗಲಿಲ್ಲ. ನಿಜ ಹೇಳುವ ಸಮಯ ಅಂತಿದ್ದರೆ ಅದೇ ಆಗಿತ್ತು. ನಾನು ಬೇಲಿಯ ಮುಳ್ಳು ಮುರಿಯುತ್ತ ನಿಂತೆ.

ಹೊನ್ನೂರಬಿ ಹೋದ ಬೇಸಿಗೆಯಲ್ಲಿ ಹಡಗಲಿಯ ಮಗಳ ಮನೆಯಲ್ಲಿ ತೀರಿಕೊಂಡಳು. ಎದೆನೋವು ಅಂದಳಂತೆ. "ಕುಂದ್ರವ್ವ, ಆಟೊ ಕರೀತೀನಿ" ಎಂದು ಮಗಳು ಓಡಿದರೆ, "ಅಲ್ಲಿತನಕ ಅಂಗಳದಾಗ ಅಡ್ಡಾಡ್ತಿರ್ತೀನಿ" ಎಂದು ಹೊರಗೆ ನಡೆದವಳು ಅಂಗಳದಲ್ಲೇ ಬಿದ್ದಳಂತೆ. ಮಗಳ ಊರಿಗೆ ಹೊರಟ ದಿನ ನನ್ನ ಅಂಗಡಿಯ ಮುಂದೆ ನಿಲ್ಲದೆ, "ಬರ್ತೀನಿ ಗಿರಿಜವ್ವ, ಸ್ಟೂಲ್ ಒಳಗಿಡು, ಯಾರ್‍ಯಾರೋ ಎಡವ್ತಾರ" ಎಂದು ಹೇಳಿಕೊಂಡು ದಾಟಿ ಹೋಗಿದ್ದಳು. ನಾನು ಗಿರಾಕಿಯ ಕಡೆ ನೋಡುತ್ತ ಹೂಂ ಅಂದಿದ್ದೆ. ಅವಳಿಗೆ ನಾನು ಹೇಳಿದ ಕೊನೆಯ ಮಾತೂ ಒಂದು ಹೂಂ.

ತಿಂಗಳಾದ ಮೇಲೆ ಬೀರಜ್ಜ ಬಂದ. ಮೊಮ್ಮಗ ಬೈಕಿನಲ್ಲಿ ತಂದು ಇಳಿಸಿ ಹೋದ. ಸ್ಟೂಲಿನ ಮೇಲೆ ಕೂತು, ಅಂಗಿಯ ಜೇಬಿನಿಂದ ನೂಲಿನ ಉಂಡೆ ತೆಗೆದ. ಮೂರು ವರ್ಷದ ಕೈಯಾಟಕ್ಕೆ ಕುಚ್ಚುಗಳು ಒಂದಿಷ್ಟು ಕಪ್ಪಾಗಿದ್ದವು, ಕಿತ್ತುಹೋಗಿರಲಿಲ್ಲ. ಮಾತಿಲ್ಲದೆ ಎಣಿಸುತ್ತ ಹೋದ. ನುಣುಪಾದ ಜಾಗ ಬಂದಾಗ "ಹೊನ್ನೂರಬಿ" ಅಂದ. ಮತ್ತೆ ಮರಿಗಳು. ಮತ್ತೆ "ಹೊನ್ನೂರಬಿ." ಮೂರನೆಯ ಸಲಕ್ಕೆ ನಾನು ಕೌಂಟರಿನಿಂದ ಹೊರಗೆ ಬಂದು ಅವನ ಕೈ ಹಿಡಿದುಕೊಂಡೆ.

"ಅಲ್ಲಿ ಆಕಿ ಇಲ್ಲ ಅಜ್ಜ. ಅಲ್ಲಿ ಇರಬೇಕಾದಾಕಿ ನಾನು. ಗಂಟು ಬಿಚ್ಚಿದಾಕಿ ನಾನು, ತೊಳದಾಕಿ ನಾನು, ಮಿಷಿನ್ನಿಗೆ ಹಾಕ್ಸಿದಾಕಿ ನಾನು. ಆಕಿ ಹಡಗಲಿಯಾಗ ಇದ್ಲು" ಎಂದೆ. ಹೇಳುವಾಗ ಅಳು ಬಂತು.

ಅಜ್ಜ ಕೈ ಬಿಡಿಸಿಕೊಳ್ಳಲಿಲ್ಲ.

"ಗೊತ್ತೈತವ್ವ" ಎಂದ. "ಅವತ್ತ ಗೊತ್ತಾತು. ಆಕಿ ಜವಳ ಹಿಂಜಾಕಿ ಅಲ್ಲ."

"ಗೊತ್ತಿದ್ದೂ ಮತ್ಯಾಕ ದಿನಾ ಆಕಿ ಹೆಸರು ಹೇಳ್ತಿ?"

"ಆಕಿ ಎಲ್ಲಿ ಕುಂತಿದ್ಲು ಹೇಳು, ಜೀವ ಇರೂತನಕ?" ಎಂದು ಅಜ್ಜ ನೂಲನ್ನು ಮತ್ತೆ ಬೆರಳಿಗೆ ತಂದುಕೊಂಡ. "ಇಲ್ಲಿ ಕುಂತೀನಿ ಅಂತ ತಾನ ಹೇಳ್ಯಾಳ. ನಾ ಯಾಕ ಎಬ್ಬಸ್ಲಿ?"